ಹಿಮ್ಮಡಿಯ ಗುಂಡಿಗಳು

ಅವಳು ಮೈದಾನದ ಬಲ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬುಟ್ಟಿಯಿಂದ ಹಿಡಿ ಹಿಡಿ ಮಣ್ಣು ತೆಗೆದು ಗುಂಡಿ ಮುಚ್ಚುತ್ತಿದ್ದಳು. ಹತ್ತೊಂಬತ್ತನೆಯದನ್ನು ಅಂಗೈಯಿಂದ ತಟ್ಟುವಾಗ ಎದುರಿಗೆ ಎರಡು ಬೂಟುಗಳು ಬಂದು ನಿಂತವು.

"ಇಲಿ ತೋಡಿದ್ದಾ?" ಎಂದ ಬೂಟಿನ ಒಡೆಯ.

"ಅಲ್ಲ, ನೀವು ತೋಡಿದ್ದು."

ಅವನು ಬಸ್ ಡಿಪೋದ ಮೆಕ್ಯಾನಿಕ್. ಸಂಜೆ ಹೊತ್ತು ಫುಟ್‌ಬಾಲ್ ತಂಡದಲ್ಲಿ ಬಲಗಡೆಯ ಫಾರ್ವರ್ಡ್. ಅವಳು ಆ ಮೈದಾನ ನೋಡಿಕೊಳ್ಳುವವಳು. ತೊಡೆಯ ಸ್ನಾಯು ಹರಿಯುವ ತನಕ ನೂರು ಮೀಟರ್ ಓಟಗಾರ್ತಿ. ತಂಡದವರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು. ಇವನೊಬ್ಬ ಮಾತ್ರ ಆ ಒಂದು ಮಾತನ್ನು ಬಾಯಿಗೆ ತಾರದೆ "ರೀ" ಎಂದು ತೇಲಿಸಿಬಿಡುತ್ತಿದ್ದ.

"ಕಾಲನ್ನ ಮುಂದೆ ಚಾಚಿ ಹಿಮ್ಮಡಿ ಊರ್ತೀರಿ. ಪ್ರತಿ ಹೆಜ್ಜೆಗೂ ನೆಲ ನಿಮ್ಮನ್ನ ಹಿಂದಕ್ಕೆ ತಳ್ಳತ್ತೆ. ಬ್ರೇಕ್ ಒತ್ಕೊಂಡೇ ಬಸ್ ಓಡಿಸಿದ ಹಾಗೆ," ಎಂದಳು ಅವಳು.

ಮೆಕ್ಯಾನಿಕ್ಕಿಗೆ ಅದು ನಾಟಿತು. "ಹಾಗಾದ್ರೆ ರಿಪೇರಿ ಮಾಡಿಕೊಡಿ," ಎಂದು ಬುಟ್ಟಿಯ ಪಕ್ಕ ಕೂತೇಬಿಟ್ಟ.

ಮರುದಿನ ಬೆಳಿಗ್ಗೆಯೇ ಪಾಠ ಶುರುವಾಯಿತು. ಮೊದಲ ಹೆಜ್ಜೆಗಳಲ್ಲಿ ಮೈ ಮುಂದಕ್ಕೆ ಬಾಗಿರಬೇಕು. ನೆಲವನ್ನು ಹಿಂದಕ್ಕೆ ನೂಕಬೇಕು. ಪಾದ ಸೊಂಟದ ಕೆಳಗೇ ಬೀಳಬೇಕು.

"ಚೆಂಡು ಯಾರದ್ದು ಅನ್ನೋದು ಮೊದಲ ಹತ್ತು ಹೆಜ್ಜೇಲಿ ತೀರ್ಮಾನ ಆಗತ್ತೆ. ಅಲ್ಲಿ ಹಿಂದೆ ಬಿದ್ರೆ ಆಮೇಲೆ ಎದುರಾಳಿ ಬೆನ್ನು ನೋಡ್ಕೊಂಡು ಓಡೋದೇ. ಅದ್ಸರಿ, ಭುಜ ಯಾಕೆ ಕಿವಿಗೆ ಅಂಟಿಸಿದೀರಿ? ಏನಾದ್ರೂ ಗುಟ್ಟು ಹೇಳ್ತಿದೆಯಾ?"

"ನೀವು ನೋಡ್ತಿದ್ರೆ ಅದು ತಾನಾಗೇ ಏರತ್ತೆ ರೀ."

ಅವಳು ಬೇರೆ ಕಡೆ ತಿರುಗಿ ನಕ್ಕಳು. ಅವನ ಭುಜ ಇಳಿಯಿತು, ತೋಳು ಸಡಿಲವಾಗಿ ಬೀಸತೊಡಗಿತು. ತಿಂಗಳು ಕಳೆಯುವಷ್ಟರಲ್ಲಿ ಗುಂಡಿಗಳೇ ಇಲ್ಲ. ಬುಟ್ಟಿ ಹಿಡಿದು ಅಂಚಿಗೆ ಹೋದರೆ ಹುಲ್ಲು ಅಲುಗದೆ ನಿಂತಿರುತ್ತಿತ್ತು. ಗೆದ್ದೆನೆಂದು ಹಿಗ್ಗಬೇಕಾದವಳು, ಅವನ ಗುರುತೊಂದೂ ಉಳಿಯದ ನೆಲವನ್ನು ಸುಮ್ಮನೆ ಸವರಿ ಬರುತ್ತಿದ್ದಳು.

ಆದರೂ ಅವಳ ಕೈಯಲ್ಲಿದ್ದ, ಓಟ ಅಳೆಯುವ ಗಡಿಯಾರ ಒಪ್ಪಲಿಲ್ಲ. ಮೂವತ್ತು ಮೀಟರಿಗೆ ನಾಲ್ಕೂವರೆ ಸೆಕೆಂಡು. ಎಷ್ಟು ಸಲ ಅಳೆದರೂ ಅಷ್ಟೇ. ಅವನು ಸೇರಬೇಕೆಂದಿದ್ದ ದೂರದ ಊರಿನ ದೊಡ್ಡ ಕ್ಲಬ್ಬಿಗೆ ನಾಲ್ಕು ಪಾಯಿಂಟ್ ಮೂರರೊಳಗೆ ಬೇಕು, ಅದನ್ನು ಮೈದಾನದವರೇ ಬರೆದುಕೊಡಬೇಕು. ವಯಸ್ಸಿನ ಲೆಕ್ಕದಲ್ಲಿ ಅವನಿಗಿದು ಕಡೆಯ ವರ್ಷ. ಪತ್ರ ಬರೆದು, ಸಮಯದ ಜಾಗವನ್ನು ಖಾಲಿ ಬಿಟ್ಟು, ಅವಳು ಮೂರು ವಾರದಿಂದ ಮೇಜಿನೊಳಗೆ ಇಟ್ಟುಕೊಂಡಿದ್ದಳು. ಗಡುವಿಗೆ ಇನ್ನು ನಾಲ್ಕೇ ದಿನ.

"ನನ್ನ ಕಾಲು ಇಷ್ಟೇ ರೀ, ಬಿಡಿ," ಎಂದ ಅವನು ಒಂದು ಬೆಳಿಗ್ಗೆ.

ಮನೆಯ ಬೀಗದ ಕೈ ಕೊಡಲು ಬಂದಿದ್ದ ಅವಳ ಚಿಕ್ಕಮ್ಮ ಗಡಿಯಾರ ಕಿತ್ತುಕೊಂಡರು. "ಕೊಡೇ ಇಲ್ಲಿ, ನಾನೂ ಒಂದ್ಸಲ ಒತ್ತಿ ನೋಡ್ತೀನಿ. ಓಡಪ್ಪಾ!"

ಅವನು ಓಡಿದ. ನಾಲ್ಕು ಪಾಯಿಂಟ್ ಎರಡು.

"ತಪ್ಪು ಒತ್ತಿದ್ನಾ? ನನ್ನ ಮಂಜುಗಣ್ಣಿಗೆ ಆ ಕೊನೇ ಬಿಳಿ ಗೆರೆ ಬಿಟ್ಟು ಬೇರೇನೂ ಕಾಣಲ್ಲ ಕಣೇ."

ಅವಳು ಬಿಳಿಚಿಕೊಂಡಳು. ಚಿಕ್ಕಮ್ಮ ಹೊರಟುಹೋದ ಮೇಲೆ, ಅವನ ಕಡೆ ನೋಡದೆ ಹೇಳಿದಳು:

"ತಪ್ಪು ನಿಮ್ಮ ಕಾಲಿನದಲ್ಲ. ಗೆರೆ ನೋಡ್ಬೇಕಾದವಳು ನಾನು ನಿಮ್ಮ ಮುಖ ನೋಡ್ತಿದ್ದೆ. ಗೆರೆ ದಾಟಿ ನೀವು ನಕ್ಕ ಮೇಲೆ ನನ್ನ ಬೆರಳಿಗೆ ಎಚ್ಚರ ಆಗ್ತಿತ್ತು. ನಿಮ್ಮ ಮೂರು ವಾರ ನಾನು ಹಾಳು ಮಾಡ್ದೆ."

ಅವನು ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ.

"ನನಗೆ ಕೋಪ ಬರಬೇಕಲ್ವಾ? ಬರ್ತಾ ಇಲ್ಲ," ಎಂದ ಮೆಲ್ಲಗೆ. "ಪತ್ರ ಕಳಿಸ್ಬೇಡಿ. ಇಲ್ಲೇ ಇರ್ತೀನಿ."

"ಇರ್ತೀರಿ. ಆಮೇಲೆ ನನ್ನ ನೋಡಿದಾಗೆಲ್ಲ ಕೈಬಿಟ್ಟ ಆಟ ನೆನಪಾಗತ್ತೆ. ಆ ನೋಟ ತಡ್ಕೊಳ್ಳೋ ಶಕ್ತಿ ನನಗಿಲ್ಲ. ಹೋಗಿ, ಅಲ್ಲಿ ನಿಂತ್ಕೊಳ್ಳಿ."

ಮೂರು ಸಲ ಓಡಿಸಿದಳು. ಮೂರು ಸಲವೂ ಕಣ್ಣನ್ನು ಗೆರೆಗೆ ಮೊಳೆ ಹೊಡೆದಂತೆ ನಿಲ್ಲಿಸಿದಳು. ಅವನು ತನ್ನ ಕಡೆಗೆ ಓಡಿ ಬರುವುದನ್ನು ನೋಡದೆ ನಿಲ್ಲುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ನಾಲ್ಕು ಪಾಯಿಂಟ್ ಎರಡು, ಮತ್ತೆ ಎರಡು, ಮತ್ತೆ ಎರಡು.

ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತೆ ಲಕೋಟೆ ತಿರುಗಿಸಿ ನೋಡಿದಳು. "ಕಳಿಸೋರ ವಿಳಾಸ ಎಲ್ಲಿ?"

ಇವಳು ಪೆನ್ನು ಹುಡುಕುವಷ್ಟರಲ್ಲಿ ಜೊತೆಗೆ ಬಂದಿದ್ದ ಅವನೇ ಬರೆದುಬಿಟ್ಟ.

"ಇದು ಮೈದಾನದ್ದಲ್ಲ, ನಮ್ಮನೆ ವಿಳಾಸ!"

"ಹೌದು. ಉತ್ತರ ಏನೇ ಬರಲಿ, ನಿಮ್ಮನೇಲಿ ನಿಮ್ಮ ಜೊತೆ ಕೂತು ಓದ್ಬೇಕು. ಚಿಕ್ಕಮ್ಮನ ಹತ್ರ ಆಗಲೇ ಕೇಳ್ದೆ."

"ನನ್ನ ಯಾರು ಕೇಳ್ತಾರೆ?"

"ಈಗ ಕೇಳ್ತಿದೀನಿ."

ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಅವಳು ಅವನ ಕೈ ಹಿಡಿದು, ಆ ಕೈಯನ್ನು ಬಿಡದೆಯೇ ಅದರಲ್ಲಿದ್ದ ಲಕೋಟೆಯನ್ನು ಕಿಟಕಿಯೊಳಗೆ ಸರಿಸಿದಳು. ಗುಮಾಸ್ತೆ ಮುದ್ರೆ ಒತ್ತಿ ಅದನ್ನು ಚೀಲಕ್ಕೆ ಎಸೆದಳು.