ಉಸಿರು ಹಿಡಿಯುವವನು, ಗಾಳಿ ತುಂಬುವವಳು

ಸತ್ತಿದ್ದಾನೆ ಎಂದೇ ಅವಳು ಅಂದುಕೊಂಡಳು.

ಎಂಟಾಳು ಆಳದಲ್ಲಿ, ಬಂಡೆಯ ಪಕ್ಕದ ಮರಳಿನ ಮೇಲೆ ಒಬ್ಬ ಗಂಡಸು ಬೋರಲು ಮಲಗಿದ್ದ. ಬೆನ್ನಿಗೆ ಸಿಲಿಂಡರ್ ಇಲ್ಲ. ಬಾಯಿಂದ ಒಂದೇ ಒಂದು ಗುಳ್ಳೆಯೂ ಏಳುತ್ತಿಲ್ಲ. ಕೈಕಾಲು ಅಲ್ಲಾಡುತ್ತಿಲ್ಲ.

ತರಬೇತಿ ದೋಣಿಯ ಲಂಗರಿನ ಸರಪಳಿ ಪರೀಕ್ಷಿಸಲು ಇಳಿದಿದ್ದವಳಿಗೆ ಸರಪಳಿ ಮರೆತೇ ಹೋಯಿತು. ಅಯ್ಯೋ... ಯಾರ ಮನೆಯ ಮಗನೋ... ಎಂದುಕೊಳ್ಳುತ್ತಲೇ ನುಗ್ಗಿ, ಅವನ ಎರಡೂ ಕಂಕುಳಿಗೆ ಕೈ ಹಾಕಿ ಎಳೆದಳು.

ಹೆಣ ತಿರುಗಿ ಅವಳನ್ನು ದುರುಗುಟ್ಟಿ ನೋಡಿತು.

ಅಷ್ಟರಲ್ಲಿ ಬಂಡೆಯ ಸಂದಿಯಿಂದ ತೊಡೆಗಾತ್ರದ ಮೀನೊಂದು ಸರ್ರನೆ ಹೊರಬಂದು ಓಡಿಹೋಯಿತು. ಅವನ ಕೈಯಲ್ಲಿದ್ದ ಈಟಿಬಂದೂಕಿನ ಈಟಿ ಇದ್ದಲ್ಲೇ ಉಳಿಯಿತು. ಅವನು ಒಂದೇ ಏಟಿಗೆ ಮೇಲೆ ಹೋದ. ಅವಳು ಗುಳ್ಳೆ ಬಿಡುತ್ತ ನಿಧಾನವಾಗಿ ಏರಿ ಬರುವಷ್ಟರಲ್ಲಿ ಬೈಗುಳವನ್ನೆಲ್ಲ ಜೋಡಿಸಿಕೊಂಡು ಕಾಯುತ್ತಿದ್ದ.

"ಏನ್ರೀ ಮಾಡಿದ್ರಿ? ಬೆಳಿಗ್ಗೆಯಿಂದ ಆ ಮೀನಿನ ಹಿಂದೆ ಬಿದ್ದಿದ್ದೆ."

"ಸತ್ತೋಗಿದೀರ ಅಂದ್ಕೊಂಡೆ."

"ಸತ್ತೋನು ಬಂದೂಕು ಹಿಡ್ಕೊಂಡು ಗುರಿ ಇಡ್ತಾನಾ?"

"ನಂಗೇನ್ರೀ ಗೊತ್ತು? ನಾನೇನು ದಿನಾ ಹೆಣ ನೋಡ್ತೀನಾ?"

ಅವನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಕಣ್ಣಿನ ಸುತ್ತ ಕನ್ನಡಕದ ರಬ್ಬರು ಒತ್ತಿದ ಕೆಂಪು ಗೆರೆ, ಒದ್ದೆ ಗಡ್ಡ... ನೋಡಲು ಅಂಥ ಚೆಲುವನೇನೂ ಅಲ್ಲ. ಆದರೂ ಅವಳು ಎರಡನೇ ಸಲ ನೋಡಿದಳು. ಇದನ್ನು ಅವಳು ಈಗಲೂ ಒಪ್ಪುವುದಿಲ್ಲ, ಒಪ್ಪದಿದ್ದರೆ ಬಿಡಲಿ.

ಬಂದರಿನಲ್ಲಿ ಅವನಿಗೆ ಒಂದುಸಿರು ಎಂದೇ ಹೆಸರು. ಮೇಲೆ ಒಮ್ಮೆ ಎದೆ ತುಂಬ ಉಸಿರೆಳೆದು ಇಳಿದರೆ ಮುಗಿಯಿತು, ಆ ಒಂದು ಉಸಿರಿನಲ್ಲೇ ಮೀನು ಹುಡುಕಬೇಕು, ಹೊಡೆಯಬೇಕು, ಮೇಲೆ ಬರಬೇಕು. ಅವಳು ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸುವವಳು. ಚಿಕ್ಕಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಳಿಯ ಯಂತ್ರ ಓಡಿಸಿ, ಸಿಲಿಂಡರುಗಳನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ತುಂಬುತ್ತಿದ್ದಳು. ಅವನಿಗೆ ಮಾತ್ರ ಅವಳು "ಗಾಳಿ ಮೇಡಂ".

ಮರುದಿನ ಅವನು ಕ್ಷಮೆ ಕೇಳಲು ಅಂಗಡಿಗೆ ಬಂದ. ಅದರ ಮರುದಿನ ಕ್ಷಮೆ ಸರಿಯಾಗಿ ಕೇಳಲಿಲ್ಲವೇನೋ ಎಂದು ಮತ್ತೆ ಬಂದ. ಮೂರನೇ ದಿನ ಚಿಕ್ಕಮ್ಮ, "ಏನಪ್ಪಾ, ಕಂತಿನಲ್ಲಿ ಕೇಳ್ತಾ ಇದೀಯಾ ಕ್ಷಮೆನಾ?" ಎಂದು ಅವನಿಗೂ ಒಂದು ಲೋಟ ಟೀ ಇಟ್ಟರು.

ಎರಡೇ ತಿಂಗಳಲ್ಲಿ "ನೀವು" ಹೋಗಿ "ನೀನು" ಬಂತು. ಬಿಡುವಿನ ದಿನ ಅವಳು ಅವನ ದೋಣಿಯಲ್ಲಿ ಕೂರುವುದು ರೂಢಿಯಾಯಿತು. ಆದರೆ ಪ್ರೀತಿಯೆಂಬ ಮಾತನ್ನು ಇಬ್ಬರೂ ಆಡಲಿಲ್ಲ.

ಆ ದಿನಗಳನ್ನು ಸುಖದ ದಿನಗಳೆನ್ನಬೇಕು. ಅವಳಿಗೆ ಮಾತ್ರ ಆ ಸುಖ ಅವನು ನೀರಿನ ಮೇಲಿರುವಷ್ಟು ಹೊತ್ತೇ. ಅವನು ಮುಳುಗಿದ ಕೂಡಲೇ ಎಣಿಸತೊಡಗುವಳು. ಅರವತ್ತು... ಎಪ್ಪತ್ತು... ತೊಂಬತ್ತು... ನೂರು ದಾಟಿದರೆ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿಯುವಳು. ನೂರಹತ್ತಕ್ಕೆ ಅವನ ತಲೆ ಮೇಲೆ ಬಂದು, "ಇವತ್ತು ಎಷ್ಟಾಯ್ತು ಗಾಳಿ ಮೇಡಂ?" ಎನ್ನುವುದು. ಅವನಿಗೆ ಅದೊಂದು ಆಟ.

ಒಂದು ಮಧ್ಯಾಹ್ನ ಎಣಿಕೆ ನೂರಮೂವತ್ತು ದಾಟಿತು.

ಅವನು ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಕಣ್ಣು ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ. ಅವಳು ಹೆಸರು ಹಿಡಿದು ಕೂಗಿದಳು. ನಾಲ್ಕೈದು ಕ್ಷಣ ಅವಳು ಯಾರೆಂದೇ ಅವನಿಗೆ ತಿಳಿಯಲಿಲ್ಲ. ಆಮೇಲೆ ಕೆಮ್ಮಿ, "ಏನಿಲ್ಲ, ಸ್ವಲ್ಪ ತಡ ಆಯ್ತು" ಎಂದ.

ದಂಡೆಗೆ ಬರುವವರೆಗೂ ಅವಳು ಬಾಯಿ ಬಿಡಲಿಲ್ಲ. ಬಂದ ಮೇಲೆ ಬಿಟ್ಟಳು.

"ಇನ್ಮೇಲೆ ಸಿಲಿಂಡರ್ ಕಟ್ಕೊಂಡು ಇಳಿ. ಕಟ್ಕೊಂಡ್ರೆ ನಿಂಗೇನೂ ಆಗಲ್ಲ."

"ಸಿಲಿಂಡರ್ ಕಟ್ಕೊಂಡು ಮೀನು ಹೊಡೆಯೋದು ಮೋಸ ಕಣೇ. ನಾನು ಗಂಟೆಗಟ್ಟಲೆ ಕೂತ್ರೆ ಅದು ಎಲ್ಲಿಗೆ ಓಡುತ್ತೆ? ನನ್ನ ಉಸಿರು ಮುಗಿಯೋವರೆಗೂ ತಪ್ಪಿಸ್ಕೊಂಡ್ರೆ ಅದು ಗೆದ್ದಂಗೆ. ಅಷ್ಟಾದ್ರೂ ನ್ಯಾಯ ಬೇಡ್ವಾ?"

"ಮೀನಿಗೆ ನ್ಯಾಯ. ನನಗೆ?"

ಅವನು ಈಟಿಬಂದೂಕು ಕೈಗೆತ್ತಿಕೊಂಡ.

"ಮೇಲೆ ಕೂತು ಎಣಿಸ್ತೀನಲ್ಲ, ನಾನ್ಯಾರು ನಿಂಗೆ? ಹೇಳು."

ಅವನು ಈಟಿಬಂದೂಕಿನ ದಾರವನ್ನು ಸುತ್ತುತ್ತಲೇ ಇದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ. ಅದೇ ಉತ್ತರವೆಂದುಕೊಂಡು ಅವಳು ಎದ್ದು ಬಂದಳು.

ಮೂರು ದಿನ ಅವನ ಸುಳಿವಿಲ್ಲ. ಹೋಗಲಿ, ಮೊಂಡ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು... ಎಂದು ಬೈದುಕೊಂಡಳು. ಬೈದಷ್ಟೂ ಅಳು ಬಂತು. ಹೊಸ ಕಲಿಕೆಯವರಿಗೆ ದಿನವೂ ಹೇಳುವ ಪಾಠವನ್ನು ಯಂತ್ರದಂತೆ ಹೇಳಿದಳು. "ಸಿಲಿಂಡರ್ ಗಾಳಿ ಎಳ್ಕೊಂಡ ಮೇಲೆ ಯಾವತ್ತೂ ಉಸಿರು ಹಿಡೀಬೇಡಿ. ಆಳದಲ್ಲಿ ಎಳ್ಕೊಂಡ ಗಾಳಿ ಮೇಲೆ ಬರ್ತಾ ಬರ್ತಾ ಉಬ್ಬುತ್ತೆ. ಬಿಡದೇ ಇದ್ರೆ ಶ್ವಾಸಕೋಶ ಹರಿದೋಗುತ್ತೆ, ಸೈಕಲ್ ಟ್ಯೂಬಿಗೆ ಜಾಸ್ತಿ ಗಾಳಿ ಹೊಡೆದಂಗೆ."

ನಾಲ್ಕನೆಯ ದಿನ ಬೆಳಿಗ್ಗೆ ತೊಟ್ಟಿಯ ಪಕ್ಕ ಒಂದು ಸಿಲಿಂಡರ್ ಕಡಿಮೆಯಿತ್ತು.

"ಚಿಕ್ಕಮ್ಮಾ, ಇಲ್ಲೊಂದಿತ್ತಲ್ಲ?"

ಚಿಕ್ಕಮ್ಮ ಗಲ್ಲಾದ ಹಿಂದಿನಿಂದ ಮುಸಿಮುಸಿ ನಕ್ಕರು. "ಹೇಳಬೇಡಿ ಅಂದಿದ್ದ. ಬಾಗಿಲು ತೆಗೆಯೋ ಹೊತ್ತಿಗೇ ಬಂದು ತಗೊಂಡು ಹೋದ. ನಿಂಗೆ ತೋರಿಸ್ತಾನಂತೆ. ಪಾಪ ಕಣೇ, ನಿನಗೋಸ್ಕರ ಹಠ ಬಿಟ್ಟಿದಾನೆ."

ಅವಳು ಗಲ್ಲಾದ ಬಳಿಗೆ ಓಡಿ ಬಂದಳು.

"ಕಲಿಸದೇ ಯಾಕೆ ಕೊಟ್ರಿ ಚಿಕ್ಕಮ್ಮ..."

"ಅಯ್ಯೋ, ಅವನಿಗೆ ನೀರು ಕಲಿಸ್ಬೇಕಾ? ಅದನ್ನ ಕಟ್ಕೊಳ್ಳಲಿ ಅಂತ ತಾನೇ ನೀನು ಮೂರು ದಿನ ಊಟ ಬಿಟ್ಟಿದ್ದು?"

ಹೌದು. ತಾನೇ ಹೇಳಿದ್ದು. ಕಟ್ಕೊಂಡ್ರೆ ನಿಂಗೇನೂ ಆಗಲ್ಲ ಎಂದದ್ದು ತಾನೇ... ಅವನು ಇಪ್ಪತ್ತು ವರ್ಷ ಕಲಿತದ್ದು ಒಂದೇ ವಿದ್ಯೆ, ನೀರಿನಲ್ಲಿ ಉಸಿರು ಹಿಡಿಯುವುದು. ಮೇಲೆ ಎಳೆದ ಉಸಿರನ್ನು ಹಿಡಿದು ಬಂದರೆ ಅದು ಮೊದಲಿದ್ದಷ್ಟೇ ಆಗುತ್ತದೆ, ಹೆಚ್ಚಾಗುವುದಿಲ್ಲ. ಸಿಲಿಂಡರಿನ ಗಾಳಿ ಹಾಗಲ್ಲ. ಬಂದರಿನಲ್ಲಿ ಬೇರೆ ಯಾರು ಕಟ್ಟಿಕೊಂಡು ಇಳಿದಿದ್ದರೂ ಅವಳು ಇಷ್ಟು ಹೆದರುತ್ತಿರಲಿಲ್ಲ.

ತನ್ನ ಸಿಲಿಂಡರನ್ನು ದೋಣಿಗೆ ಎಸೆದು, ಮೋಟಾರಿನ ಹಗ್ಗ ಎಳೆದಳು. ಒಂದು ಸಲ, ಎರಡು ಸಲ... ಮೂರನೆಯದಕ್ಕೆ ಹತ್ತಿತು.

ಮೊದಲು ಭೇಟಿಯಾದ ಬಂಡೆಯ ಬಳಿ ಅವನ ದೋಣಿ ಖಾಲಿ ನಿಂತಿತ್ತು. ಪಕ್ಕದಲ್ಲಿ ಗುಳ್ಳೆಗಳು. ಬದುಕಿದ್ದಾನೆ ಎಂದು ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ ಗುಳ್ಳೆ ನಿಂತಿತು. ಹತ್ತು... ಇಪ್ಪತ್ತು... ನಲವತ್ತಕ್ಕೆ ಒಂದು ದೊಡ್ಡ ರಾಶಿ ಬುಳಬುಳನೆ ಎದ್ದಿತು. ಮತ್ತೆ ಏನೂ ಇಲ್ಲ. ಅವನು ಕೆಳಗೆ ಸಿಲಿಂಡರಿನ ಕೊಳವೆ ಕಚ್ಚಿಕೊಂಡೂ ಉಸಿರು ಹಿಡಿಯುತ್ತಿದ್ದ.

ಅವಳು ಇಳಿದಳು.

ಅವಳನ್ನು ಕಂಡದ್ದೇ ಅವನ ಕಣ್ಣು ಅರಳಿತು. ಬೆನ್ನು ತಿರುಗಿಸಿ ಸಿಲಿಂಡರ್ ತೋರಿಸಿದ, ಹೊಸ ಅಂಗಿ ತೋರಿಸುವವನ ಹಾಗೆ. ಆಮೇಲೆ ಮೇಲಕ್ಕೆ ಹೋಗೋಣವೆಂದು ಬೆರಳು ಮಾಡಿ, ಎದೆ ತುಂಬ ಗಾಳಿ ಎಳೆದು, ಬಾಯಿ ಬಿಗಿದು, ಕಾಲು ಒದ್ದ.

ಬೇಡ... ಬೇಡ ಕಣೋ...

ಅವಳು ಅವನ ಪಾದ ಹಿಡಿದು ಜಗ್ಗಿದಳು. ಅವನು ಆಟವೆಂದುಕೊಂಡು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಕೆಳಕ್ಕೆ ಎಳೆದು, ಸಿಲಿಂಡರಿನ ಪಟ್ಟಿ ಹಿಡಿದು ಮುಖ ಎದುರು ತಂದು, ತಾನು ಬಿಡುವ ಗುಳ್ಳೆ ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಹೊಟ್ಟೆಗೆ ಗುದ್ದಿದಳು. ಗುಳ್ಳೆ ಬಂತು.

ಹಾಗೇ ಏರಿದರು, ಇಂಚಿಂಚಾಗಿ. ಅವಳ ಒಂದು ಕೈ ಅವನ ಪಟ್ಟಿಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಗುಳ್ಳೆ ನಿಂತಾಗಲೆಲ್ಲ ಗುದ್ದು. ಅವಳ ಕಣ್ಣು ನೋಡಿ ಅವನಿಗೂ ಈಗ ಹೆದರಿಕೆ ಹತ್ತಿತ್ತು, ಹೆದರಿದವನು ರೂಢಿಯಂತೆ ಮತ್ತೆ ಮತ್ತೆ ಉಸಿರು ಕಟ್ಟುತ್ತಿದ್ದ. ಗಾಳಿ ಬೇಗ ಬೇಗ ಉಬ್ಬುವ ಕೊನೆಯ ಎರಡಾಳು ನೀರೇ ಎಲ್ಲಕ್ಕಿಂತ ಅಪಾಯ. ಅಲ್ಲಿ ಅವಳು ಲೆಕ್ಕವಿಲ್ಲದೆ ಗುದ್ದಿದಳು.

ಬೆಳಕಿಗೆ ಬಂದರು. ಅವಳು ಅವನನ್ನು ದೋಣಿಗೆ ಹತ್ತಿಸಿ, ಬೋರಲು ಬಾಗಿಸಿದಳು.

"ಕೆಮ್ಮು. ಉಗುಳು."

ಉಗುಳಿದ. ಅಂಗೈಯಲ್ಲಿ ಹಿಡಿದು ನೋಡಿದಳು. ರಕ್ತವಿಲ್ಲ.

"ಎದೆ ನೋವಿದೆಯಾ? ಕೈ ಜೋಮು ಹಿಡಿದಿದೆಯಾ? ನಾನು ಯಾರು ಹೇಳು."

"ಎದೆ ನೋವಿಲ್ಲ, ಹೊಟ್ಟೆ ನೋವು. ನೀನು ಗುದ್ದಿದ್ದಕ್ಕೆ," ಎಂದ ಅವನು. ಆಮೇಲೆ ಅವಳ ಮುಖ ನೋಡಿ ಹಾಸ್ಯ ಬಿಟ್ಟ. "ಏನಾಯ್ತೇ?"

ಹೇಳಿದಳು. ಹೇಳುತ್ತ ಹೇಳುತ್ತ ಅಳು ಒತ್ತರಿಸಿ ಬಂತು. "ನಾನೇ ಕಳಿಸಿದ್ದು ನಿನ್ನ. ಬದುಕ್ಲಿ ಅಂತ ಹೇಳಿ ನಾನೇ ಕೊಲ್ತಿದ್ದೆ. ಬಾಯ್ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಅವತ್ತು ಕೇಳಿದ್ಯಲ್ಲ, ನಾನ್ಯಾರು ಅಂತ. ಬಾಯಿಗೆ ಬರ್ಲಿಲ್ಲ ಕಣೇ. ಕಟ್ಕೊಂಡು ತೋರಿಸಿದ್ರೆ ತಿಳ್ಕೋತೀಯ ಅಂದ್ಕೊಂಡೆ."

"ಸತ್ತು ತೋರಿಸಿದ್ರೆ ತಿಳೀತಿತ್ತಾ?"

ಅವನು ಅವಳ ಒದ್ದೆ ಕೈ ಹಿಡಿದುಕೊಂಡ.

"ನೀನಂದ್ರೆ ನಂಗೆ ಪ್ರೀತಿ," ಎಂದ. "ಈಗ ಬಂತು ನೋಡು ಬಾಯಿಗೆ."

"ನಂಗೂ," ಎಂದಳು ಮೂಗೆಳೆಯುತ್ತ. "ಅದಕ್ಕೇ ಇಷ್ಟು ಹೆದರಿಕೆ. ಅದು ಹೋಗಲ್ಲ, ಮೊದಲೇ ಹೇಳ್ತೀನಿ."

ಅವನು ಬೆನ್ನಿನ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಟ್ಟ.

"ನಾನು ಸಿಲಿಂಡರ್ ಮುಟ್ಟಲ್ಲ. ಆದ್ರೆ ಒಬ್ಬನೇ ಇಳಿಯೋದೂ ಇಲ್ಲ. ನೂರು ಅಂದ್ರೆ ನೂರು, ಅದಕ್ಕೆ ಒಂದೂ ಜಾಸ್ತಿ ಇಲ್ಲ. ನೀನು ದೋಣಿಲಿ ಕೂರ್ಬೇಡ, ನೀರಲ್ಲಿರು. ಒಂದೇ ಉಸಿರಲ್ಲಿ ಇಳಿಯೋದನ್ನ ಕಲಿಸ್ಕೊಡ್ತೀನಿ. ನಾನು ತಡ ಮಾಡಿದ್ರೆ ಬಂದು ಎಳ್ಕೊಂಡು ಹೋಗು."

ಅವಳು ಕಣ್ಣೊರೆಸಿಕೊಂಡಳು. "ಸರಿ. ನೀನು ಕೆಳಗಿದ್ರೆ ನಾನು ಮೇಲೆ."

"ನೀನು ಕೆಳಗಿದ್ರೆ ನಾನು ಮೇಲೆ."

"ಇಬ್ಬರೂ ಮೇಲಿದ್ರೆ?"

"ಮನೆಗೆ ಹೋಗೋಣ," ಎಂದ ಅವನು.