ಒಂದೇ ಹಲಗೆಯ ಅಕ್ಕತಂಗಿಯರು

ಬಹಳ ಹಿಂದೆ, ಏಳು ಕಡಲುಗಳ ಈಚೆ ದಡದಲ್ಲಿ ಕನಕಗುಡ್ಡ ಎಂಬ ರಾಜ್ಯವಿತ್ತು. ಅಲ್ಲಿ ಮರಕ್ಕೆ ಹಣ್ಣು, ಹಸುವಿಗೆ ಹಾಲು, ರಾಜನಿಗೆ ನಿದ್ದೆ, ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ನ್ಯಾಯಕ್ಕೆ ಮಾತ್ರ. ಆ ಕತೆಯನ್ನೇ ಈಗ ಹೇಳುತ್ತೇನೆ. ಹೇಳುವಾಗ ನನ್ನ ದನಿ ಏರಿದರೆ ಸಮಾಧಾನ ಮಾಡಲು ಬರಬೇಡಿ. ನೀವೂ ಏರಿಸಿ.

ಆ ರಾಜ್ಯದ ಬಂದರಿನಲ್ಲಿ ದೋಣಿ ಕಟ್ಟುವ ಬಡಗಿಯೊಬ್ಬನಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಬೊಮ್ಮಕ್ಕ, ಚಿಕ್ಕವಳು ಚೆನ್ನಾಜಿ. ಒಂದು ವರ್ಷ ಬಿರುಗಾಳಿಗೆ ಒಡೆದ ಹಡಗಿನಿಂದ ಒಂದು ಪಿಯಾನೊ ತೇಲಿ ಬಂತು. ಅದರ ಮೇಲೆ ಕೂತುಕೊಂಡು, ಅದನ್ನು ನುಡಿಸಬಲ್ಲ ಮುದುಕಿಯೂ ತೇಲಿ ಬಂದಳು. ಬಡಗಿ ಪಿಯಾನೊ ರಿಪೇರಿ ಮಾಡಿದ, ಮುದುಕಿ ಮಕ್ಕಳಿಗೆ ಪಾಠ ಹೇಳಿದಳು. ಆದರೆ ಇದ್ದದ್ದು ಒಂದೇ ಪಿಯಾನೊ, ಸರದಿ ಕಾಯುವ ತಾಳ್ಮೆ ಇಬ್ಬರಿಗೂ ಇಲ್ಲ. ದಿನವೂ ಜಡೆ ಹಿಡಿದು ಜಗಳ. ಕೊನೆಗೆ ಅಪ್ಪ ದೋಣಿಯ ಹಲಗೆಯೊಂದನ್ನು ಕೊಯ್ದು ಉದ್ದನೆಯ ಆಸನ ಮಾಡಿ, "ತಗೊಳ್ರೇ, ಇಬ್ರೂ ಒಟ್ಟಿಗೇ ಕೂತ್ಕೊಂಡು ಏನಾದ್ರೂ ಮಾಡ್ಕೊಳ್ಳಿ" ಎಂದ.

ಅಂದಿನಿಂದ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು, ಒಂದೇ ಪಿಯಾನೊವನ್ನು ನಾಲ್ಕು ಕೈಗಳಿಂದ ನುಡಿಸಿದರು. ಕೇಳುವವರಿಗೆ ಹತ್ತಿರದ ಬಲಗಡೆ ಚೆನ್ನಾಜಿ, ಎತ್ತರದ ತಾರಸ್ವರಗಳು ಅವಳವು. ಎಡಗಡೆ ಬೊಮ್ಮಕ್ಕ, ಆಳದ ಮಂದ್ರಸ್ವರಗಳು ಅವಳವು, ಕಾಲಿನಡಿಯ ಪೆಡಲು ಕೂಡ ಅವಳದೇ. ಶುರುಮಾಡಲು ಯಾರೂ ತಲೆಯಾಡಿಸುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು, ಅಷ್ಟೇ.

ಮೊದಲು ಹೊಸ ದೋಣಿ ನೀರಿಗಿಳಿಯುವಾಗ ನುಡಿಸಿದರು. ಆಮೇಲೆ ಪಾಳೆಯಗಾರರ ಮದುವೆಗಳಲ್ಲಿ, ಆಮೇಲೆ ದೂರದ ರಾಜರ ಸಭೆಗಳಲ್ಲಿ. ಒಂದೂರಲ್ಲಿ ಅವರ ವಾದನ ಕೇಳಿ ಮದವೇರಿದ ಆನೆ ಮಗ್ಗುಲಾಗಿ ಮಲಗಿತು. ಇನ್ನೊಂದೂರಲ್ಲಿ ಬತ್ತಿದ ಬಾವಿಗೆ ನೀರು ಬಂತು. ಮತ್ತೊಂದು ಕಡೆ ಕತ್ತಿ ಹಿರಿದು ನಿಂತಿದ್ದ ಇಬ್ಬರು ರಾಜರು ಯಾತಕ್ಕೆ ಜಗಳವಾಡುತ್ತಿದ್ದೆವು ಎಂಬುದನ್ನೇ ಮರೆತು ಊಟಕ್ಕೆ ಹೋದರು. ಎಲ್ಲೆಲ್ಲೂ ಜನ "ಬೊಮ್ಮಕ್ಕ ಚೆನ್ನಾಜಿ" ಎಂದು ಒಂದೇ ಉಸಿರಲ್ಲಿ ಹೇಳುತ್ತಿದ್ದರು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ. ಹೊರರಾಜ್ಯಗಳೆಲ್ಲ ಹೊಗಳಿ ಮುಗಿಸಿದ ಮೇಲೆ, ಕಟ್ಟಕಡೆಗೆ ಅವರದೇ ರಾಜ್ಯದ ಅರಮನೆಯಿಂದ ಕರೆ ಬಂತು.

ಅರಮನೆಯಲ್ಲಿ ಕಬಳೇಶ ಎಂಬ ಸನ್ಮಾನಾಧಿಕಾರಿ ಇದ್ದ. ಕಲಾವಿದರ ಹೆಸರು ಕೂಗಿ ಶಾಲು ಹೊದಿಸುವುದು ಅವನ ಕೆಲಸ. ಗುಂಡಗಿನ ಹೊಟ್ಟೆ, ನುಣ್ಣನೆಯ ಮಾತು. ಅವನು ಅಕ್ಕತಂಗಿಯರ ಬಳಿ ಬಂದು ಕೈಮುಗಿದ.

"ತಾಯಂದಿರೇ, ನಮ್ಮಲ್ಲೊಂದು ಪದ್ಧತಿ. ವಾದ್ಯಕ್ಕೆ ಒಂದು ಹೆಸರು, ಒಂದು ಶಾಲು. ಯಾರ ಹೆಸರು ಕೂಗಲಿ?"

"ನುಡಿಸೋರು ಇಬ್ಬರು. ಎರಡೂ ಕೂಗಿ" ಎಂದಳು ಬೊಮ್ಮಕ್ಕ.

"ಪಿಯಾನೊ ಒಂದೇ ಅಲ್ಲವೇ? ಬರೀ ಶಾಸ್ತ್ರಕ್ಕೆ, ತಾಯಿ."

ಬೊಮ್ಮಕ್ಕನಿಗೆ ಸಿಟ್ಟು ಬಂತು. ಆದರೆ ಚೆನ್ನಾಜಿ ಅಕ್ಕನ ತೋಳು ಹಿಡಿದು, "ಹೋಗ್ಲಿ ಬಿಡಕ್ಕ, ಒಂದು ಶಾಲಿಗೆ ಯಾಕೆ ರಂಪ" ಎಂದಳು. ನೋಡಿ, ಅನ್ಯಾಯ ಒಳಗೆ ಬರುವುದೇ ಈ 'ಹೋಗ್ಲಿ ಬಿಡು' ಎಂಬ ಬಾಗಿಲಿನಿಂದ!

ಸಭೆ ಸೇರಿತು. ಇಬ್ಬರೂ ನುಡಿಸಿದರು. ಕಂಬದ ಮೇಲಿನ ಕಲ್ಲಿನ ಗಿಳಿಗಳು ಹಸಿರಾಗಿ ಹಾರಾಡಿದವು, ರಾಜನಿಗೆ ಎಚ್ಚರವೂ ಆಯಿತು. ಕಬಳೇಶ ಎದ್ದು, "ಪಿಯಾನೊ ವಿದುಷಿ ಚೆನ್ನಾಜಿ!" ಎಂದು ಕೂಗಿ ಕೆಂಪು ಶಾಲು ಬಿಚ್ಚಿದ. ಚೆನ್ನಾಜಿ ತಲೆ ಬಾಗಿಸಿದಳು. ಶಾಲು ಅವಳ ಹೆಗಲಿಗೆ ಬಿದ್ದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಬೊಮ್ಮಕ್ಕ ಇಲ್ಲವಾದಳು. ಕಬಳೇಶ ಹೊಟ್ಟೆ ಸವರಿಕೊಂಡು ಡರ್ರೆಂದು ತೇಗಿದ.

"ನಮ್ಮಕ್ಕ ಎಲ್ಲಿ?" ಎಂದು ಚೆನ್ನಾಜಿ ಕಿರುಚಿದಳು.

"ಯಾವ ಅಕ್ಕ?" ಎಂದ ರಾಜ. "ನೀನೊಬ್ಬಳೇ ನುಡಿಸಿದ್ದು. ಶಾಲೂ ಒಂದೇ ಅಲ್ಲವೇನಮ್ಮಾ?"

"ಹೌದು ಹೌದು, ಒಬ್ಬಳೇ" ಎಂದಿತು ಸಭೆ. ನಾಲ್ಕು ಕೈಗಳನ್ನು ಕಣ್ಣಾರೆ ಕಂಡ ಜನ! ಕಂಡದ್ದಕ್ಕಿಂತ ಕೂಗಿದ್ದನ್ನೇ ನಂಬುವವರಿಗೆ ದೇವರು ಕಣ್ಣನ್ನಾದರೂ ಯಾಕೆ ಕೊಡುತ್ತಾನೋ ನಾನು ಕಾಣೆ. ಅಷ್ಟರಲ್ಲಿ ಕಬಳೇಶ ಹೊಗೆಯಾಗಿ ಕಿಟಕಿಯಿಂದ ಹೊರಬಿದ್ದು ಊರಾಚೆಯ ಕರಿಕಲ್ಲ ಬೆಟ್ಟದ ಕಡೆ ಹಾರಿಹೋದ. ಚೆನ್ನಾಜಿ ಅವನ ಹಿಂದೆಯೇ ಓಡಿದಳು.

ಬೆಟ್ಟದ ಬುಡದಲ್ಲಿ ಗಂಡಭೇರುಂಡ ಪಕ್ಷಿಯೊಂದು ಕಾವಲಿತ್ತು. ಎರಡು ತಲೆಯ ಆ ಹಕ್ಕಿಯ ಒಂದು ತಲೆಗೆ ಕಿರೀಟ, ಇನ್ನೊಂದು ತಲೆಗೆ ಗೋಣಿಚೀಲ ಹಾಕಿ ಹೊಲಿದಿದ್ದರು.

"ಹಿಂದಕ್ಕೆ ಹೋಗು. ಇದು ಹೆಸರು ನುಂಗುವ ಕಬಳೇಶನ ಬೆಟ್ಟ" ಎಂದಿತು ಕಿರೀಟದ ತಲೆ. "ಸಭೆಯಲ್ಲಿ ಕೂಗದೆ ಬಿಟ್ಟ ಹೆಸರೇ ಅವನ ಊಟ. ಮುನ್ನೂರು ವರ್ಷದಿಂದ ಅದನ್ನೇ ತಿಂದು ಬದುಕಿದ್ದಾನೆ. ಹುಣ್ಣಿಮೆ ಬಂದರೆ ನಿನ್ನ ಅಕ್ಕ ಅರಗಿಹೋಗುತ್ತಾಳೆ. ಆಮೇಲೆ ನಿನಗೂ ಅವಳ ನೆನಪಿರುವುದಿಲ್ಲ."

ನಾಳೆಯೇ ಹುಣ್ಣಿಮೆ. ಆದರೂ ಚೆನ್ನಾಜಿಯ ಕಣ್ಣು ಗೋಣಿಚೀಲದ ಮೇಲೆಯೇ ಇತ್ತು. "ಆ ತಲೆ ಯಾರದು?" ಎಂದಳು.

"ಯಾವ ತಲೆ?" ಎಂದಿತು ಕಿರೀಟದ ತಲೆ.

ಚೆನ್ನಾಜಿಗೆ ಮೈಯೆಲ್ಲ ಉರಿಯಿತು. ಹಕ್ಕಿಯ ಮೈಮೇಲೆ ಹತ್ತಿ, ಹೊಲಿಗೆಯನ್ನು ಹಲ್ಲಿನಿಂದಲೇ ಕಡಿದು ಚೀಲ ಕಿತ್ತೆಸೆದಳು. ಒಳಗಿದ್ದ ತಲೆ ಕಣ್ಣು ಪಿಳುಕಿಸಿ, ಪಕ್ಕದ ತಲೆಯನ್ನು ದುರುಗುಟ್ಟಿ ನೋಡಿ, "ಇಷ್ಟು ವರ್ಷ ರೆಕ್ಕೆ ಬಡಿದದ್ದರಲ್ಲಿ ಅರ್ಧ ನಂದು ಕಣೋ!" ಎಂದಿತು. ಕಿರೀಟದ ತಲೆ ನಾಚಿ ನೆಲ ನೋಡಿತು. ಆಮೇಲೆ ಎರಡೂ ತಲೆಗಳು ಕೂಡಿ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬೆಟ್ಟದ ನಡುವಿನವರೆಗೆ ಹಾರಿದವು. ಶಾಲನ್ನು ಅವಳು ದಾರಿಯಲ್ಲೇ ಗಾಳಿಗೆ ಬಿಟ್ಟಳು.

ಬೆಟ್ಟದ ನಡುವೆ ಒಂದು ದೊಡ್ಡ ಮಂಟಪ. ಅದರ ತುಂಬ ಮರದ ಗೊಂಬೆಗಳು. ಅವಳು ಕಾಲಿಟ್ಟ ಕೂಡಲೇ ಗೊಂಬೆಗಳೆಲ್ಲ ಎದ್ದು ಚಪ್ಪಾಳೆ ತಟ್ಟಿದವು. "ಚೆನ್ನಾಜಿ! ಚೆನ್ನಾಜಿ!" ಎಂದು ಕೂಗಿದವು. ಒಂದೊಂದು ಕೂಗಿಗೂ ಅವಳ ಕೊರಳಿಗೆ ಒಂದೊಂದು ಹೂವಿನ ಹಾರ ಬಂದು ಬಿತ್ತು.

"ದಂತದ ಪಿಯಾನೊ ಕೊಡ್ತೀವಿ" ಎಂದಿತು ಒಂದು ಗೊಂಬೆ. "ಊರೂರಿಗೆ ಪಲ್ಲಕ್ಕಿ, ಪಲ್ಲಕ್ಕಿಯ ಮುಂದೆ ಕಹಳೆ. ಇಡೀ ಹಲಗೆ ನಿನಗೊಬ್ಬಳಿಗೇ. 'ನಾನೊಬ್ಬಳೇ ನುಡಿಸಿದ್ದು' ಅಂತ ಒಂದು ಮಾತು ಹೇಳಿಬಿಡು, ಸಾಕು."

ಸುಳ್ಳು ಯಾಕೆ ಹೇಳಲಿ, ಚೆನ್ನಾಜಿಗೆ ಆಸೆಯಾಯಿತು. ಹೆಸರು ಕೂಗಿಸಿಕೊಂಡಾಗ ಯಾರ ಕಿವಿಗೆ ಹಿತವಾಗುವುದಿಲ್ಲ? ಅವಳು ಸುಮ್ಮನೆ ನಿಂತಳು. ಹಾರಗಳು ಬೀಳುತ್ತಲೇ ಇದ್ದವು. ಮೂಗಿನವರೆಗೆ ಬಂದವು, ಕತ್ತು ಬಗ್ಗಿತು, ಉಸಿರು ಕಟ್ಟತೊಡಗಿತು. ಉಸಿರು ಎಳೆದುಕೊಳ್ಳಲು ಹೋದಾಗ ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಉಸಿರು ಅದು. ಅವಳಿಗೆ ದುಃಖ ಬಂತು, ದುಃಖದ ಬೆನ್ನಿಗೇ ಎಲ್ಲಿಲ್ಲದ ಸಿಟ್ಟು ಬಂತು.

"ಕೂಗೋದಾದ್ರೆ ಇಬ್ಬರ ಹೆಸರನ್ನೂ ಕೂಗಿ! ಆಗಲ್ಲ ಅಂದ್ರೆ ಬಾಯಿ ಮುಚ್ಕೊಳ್ಳಿ!"

ಗೊಂಬೆಗಳಿಗೆ ಕಲಿಸಿದ್ದು ಒಂದೇ ಹೆಸರು. ಎರಡನೆಯದು ಬಾಯಿಗೆ ಬರದೆ ದವಡೆ ಕಚ್ಚಿಕೊಂಡು, ಒಂದರ ಮೇಲೊಂದು ಉರುಳಿಬಿದ್ದವು. ಚೆನ್ನಾಜಿ ಹಾರಗಳನ್ನು ಹರಿದೆಸೆದು ಬೆಟ್ಟದ ತುದಿಗೆ ಹತ್ತಿದಳು.

ತುದಿಯಲ್ಲಿ ಕಬಳೇಶ ಮಂಚದ ಮೇಲೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಎದುರಿಗೆ ಕರಿಯ ಪಿಯಾನೊ ಒಂದಿತ್ತು.

"ಬಂದೆಯಾ ಮಗಳೇ? ಇಷ್ಟು ದೂರ ಬಂದವಳನ್ನು ಬರಿಗೈಲಿ ಕಳಿಸಬಾರದು" ಎಂದ. "ಸಭೆಯಲ್ಲಿ ನುಡಿಸಿದ್ದನ್ನೇ ಇಲ್ಲಿ ನುಡಿಸು. ಮಂದ್ರವೂ ನೀನೇ, ತಾರವೂ ನೀನೇ. ಒಂದು ಸ್ವರವೂ ಬಿಡದೆ ನುಡಿಸಿದರೆ ಅಕ್ಕನನ್ನು ಕೊಡುತ್ತೇನೆ. ಬಿಟ್ಟರೆ ನಿನ್ನನ್ನೂ ನುಂಗುತ್ತೇನೆ."

ಚೆನ್ನಾಜಿ ಯೋಚಿಸಿದಳು. ಅಕ್ಕನ ಪಾಲು ಅವಳಿಗೆ ಬಾಯಿಪಾಠ. ಕೈ ಹಾರಿಸಿ ಹಾರಿಸಿ ಹೇಗೋ ಪೂರ್ತಿ ನುಡಿಸಿಯೂ ಬಿಡಬಹುದು. ಆದರೆ ಹಾಗೆ ನುಡಿಸಿದರೆ ಅಕ್ಕ ಬೇಕಾಗಿಯೇ ಇರಲಿಲ್ಲ ಎಂದು ತಾನೇ ಸಾರಿದಂತೆ ಆಗುತ್ತದೆ. ಈ ಕಳ್ಳನಿಗೆ ಬೇಕಾದದ್ದೂ ಅದೇ!

ಅವಳು ಹೋಗಿ ಪಿಯಾನೊ ಮುಂದಿನ ಆಸನದ ಬಲತುದಿಯಲ್ಲಿ ಕೂತಳು. ಎಡಗಡೆಯ ಅರ್ಧವನ್ನು ಖಾಲಿ ಬಿಟ್ಟಳು. ದಿನವೂ ಎಳೆಯುವಂತೆ ಒಂದು ಉಸಿರು ಎಳೆದು, ತನ್ನ ಪಾಲು ಮಾತ್ರ ನುಡಿಸಿದಳು.

"ಏಯ್! ಕೆಳಗಿನ ಸ್ವರ ಎಲ್ಲಿ?" ಎಂದು ಕಬಳೇಶ ಗದರಿದ.

"ಅದು ನಮ್ಮಕ್ಕಂದು. ಅದನ್ನ ಮುಟ್ಟೋ ಹಕ್ಕು ನನಗಿಲ್ಲ, ನಿನಗಂತೂ ಇಲ್ಲವೇ ಇಲ್ಲ."

ಹಾಡು ಮುಂದೆ ಹೋಯಿತು. ನಡುವೆ ತಾರಸ್ವರಗಳು ಸುಮ್ಮನಾಗಿ ಮಂದ್ರವೊಂದೇ ಮಾತಾಡುವ ಜಾಗ ಬರುತ್ತದೆ. ಅಲ್ಲಿಗೆ ಬಂದು ಚೆನ್ನಾಜಿ ಕೈಯೆತ್ತಿದಳು. "ಬೊಮ್ಮಕ್ಕ, ಈಗ ನಿಂದು" ಎಂದು ಹೆಸರು ಹಿಡಿದು ಕರೆದು ಸುಮ್ಮನೆ ಕೂತಳು.

ಬೆಟ್ಟವೆಲ್ಲ ನಿಶ್ಶಬ್ದವಾಯಿತು. ಕಬಳೇಶ ಎದ್ದು ಅವಳನ್ನು ನುಂಗಲೆಂದು ಬಾಯಿ ತೆರೆದ. ತೆರೆದ ಬಾಯಿಯಿಂದ ಗುಂಯ್ ಎಂದು ಒಂದು ಮಂದ್ರಸ್ವರ ಹೊರಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ತನ್ನ ಸರದಿ ಬಂದಾಗ ಬೊಮ್ಮಕ್ಕ ಎಂದಾದರೂ ತಪ್ಪಿಸಿದವಳೇ? ಕಬಳೇಶನ ಹೊಟ್ಟೆಯೊಳಗಿಂದಲೇ ನುಡಿಸುತ್ತಿದ್ದಳು! ಕಬಳೇಶ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡ. ಸ್ವರ ಕಿವಿಯಿಂದ ಬಂತು. ಕಿವಿ ಮುಚ್ಚಿದ, ಮೂಗಿನಿಂದ ಬಂತು. ಆ ದನಿ ಕೇಳಿ ಹೊಟ್ಟೆಯಲ್ಲಿದ್ದ ಉಳಿದ ಹೆಸರುಗಳೆಲ್ಲ ಎಚ್ಚೆತ್ತವು. ನರ್ತಕಿಯ ಹಿಂದೆ ಮದ್ದಳೆ ಬಾರಿಸಿದವನು, ಚಿತ್ರಗಾರನಿಗೆ ಬಣ್ಣ ಅರೆದುಕೊಟ್ಟವಳು, ಕವಿಗೆ ಮರೆತ ಸಾಲು ನೆನಪಿಸಿದ ಹೆಂಡತಿ, ಎಲ್ಲರೂ ಗದ್ದಲವೆಬ್ಬಿಸಿದರು. ಕಬಳೇಶನ ಹೊಟ್ಟೆ ಉಬ್ಬಿ ಉಬ್ಬಿ ಢಬ್ ಎಂದು ಒಡೆಯಿತು. ಬೊಮ್ಮಕ್ಕ ಹೊರಬಂದಳು, ಅವಳ ಹಿಂದೆ ಹೊರಬಂದ ಮುನ್ನೂರು ವರ್ಷದ ಜನ ಬೆಟ್ಟದಿಂದಿಳಿದು ಅರಮನೆಯ ದಾರಿ ಹಿಡಿದರು. ಕಬಳೇಶ ಇದ್ದಲ್ಲಿ ಒಂದು ಹಿಡಿ ಬೂದಿ ಉಳಿಯಿತು.

ಸಭೆ ಮತ್ತೆ ಸೇರಿತು. ರಾಜ ಕಣ್ಣುಜ್ಜಿಕೊಂಡು, ತಪ್ಪಾಯಿತೆಂದು ಕೈಮುಗಿದು, ಎಷ್ಟು ಜನರಿದ್ದರೋ ಅಷ್ಟೂ ಹೆಸರನ್ನು ತಾನೇ ನಿಂತು ಕೂಗಿದ. ಕೂಗಿ ಕೂಗಿ ಗಂಟಲು ಕಟ್ಟಿತು. ಕಟ್ಟಲಿ! ಮುನ್ನೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ ವಂಶಕ್ಕೆ ಅಷ್ಟಾದರೂ ಆಗಬೇಡವೇ?

ಬೊಮ್ಮಕ್ಕ ಮಾತ್ರ ಬೆಟ್ಟದಿಂದ ಇಳಿದಾಗಿನಿಂದ ತಂಗಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ಪಿಯಾನೊ ಹತ್ತಿರ ಬಂದಾಗ ಕೇಳಿದಳು:

"ಚೆನ್ನಿ, ನಿಜ ಹೇಳು. ಅವನು ಶಾಲು ಹೊದಿಸಿದಾಗ ನಿಂಗೆ ಖುಷಿ ಆಯ್ತಾ?"

ಚೆನ್ನಾಜಿ ತಲೆತಗ್ಗಿಸಿದಳು. "ಆಯ್ತಕ್ಕ."

"ಪಕ್ಕದಲ್ಲಿ ನಾನು ಕೂತಿದ್ದೆ."

"ಕೂತಿದ್ದೆ."

ಬೊಮ್ಮಕ್ಕ ಹೋಗಿ ಹಲಗೆಯ ಬಲಗಡೆ ಕೂತಳು.

"ಅಕ್ಕ, ಅದು ನನ್ನ ಜಾಗ..."

"ಇವತ್ತು ತಾರ ನಂದು. ನೀನು ಈ ಕಡೆ ಬಾ. ಕೂತು ನೋಡು."

ಚೆನ್ನಾಜಿ ಎಡಗಡೆ ಕೂತಳು. ಇಬ್ಬರೂ ಒಟ್ಟಿಗೆ ಒಂದು ಉಸಿರು ಎಳೆದುಕೊಂಡರು. ನುಡಿಸುತ್ತ ನುಡಿಸುತ್ತ ಚೆನ್ನಾಜಿಯ ತೋಳು ಸೋತಿತು, ಪೆಡಲು ಒತ್ತಿ ಒತ್ತಿ ಮೀನಖಂಡ ನೋಯಿತು. ಸಭೆಯ ಕಣ್ಣೆಲ್ಲ ಬಲಗಡೆಯೇ ಇತ್ತು, ಅವಳ ಕಡೆ ಒಬ್ಬರೂ ನೋಡಲಿಲ್ಲ. ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಆದರೆ ಒಂದು ಸ್ವರವನ್ನೂ ಬಿಡಲಿಲ್ಲ.

ಹಾಡು ಮುಗಿದಾಗ ಅವಳು ಅಕ್ಕನ ಕಡೆ ತಿರುಗಿ, "ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲೇ!" ಎಂದಳು.

"ನೀನು ಕೇಳಲಿಲ್ಲವಲ್ಲೇ" ಎಂದಳು ಬೊಮ್ಮಕ್ಕ. ಹೇಳಿ ತನ್ನ ಸೆರಗಿನಿಂದ ತಂಗಿಯ ಮುಖ ಒರೆಸಿದಳು.

ಆಮೇಲೆ ಅವರು ಒಂದು ಸಭೆಗೆ ಒಬ್ಬರು ಬಲಗಡೆ, ಇನ್ನೊಂದು ಸಭೆಗೆ ಇನ್ನೊಬ್ಬರು ಬಲಗಡೆ ಕೂತು, ತಲೆ ನರೆಯುವವರೆಗೂ ನಾಡುನಾಡುಗಳಲ್ಲಿ ನುಡಿಸಿದರು. ಜಗಳವಾಡಿದರು, ಒಂದಾದರು, ಸುಖವಾಗಿದ್ದರು. ಕನಕಗುಡ್ಡದ ಜನರೂ ಸುಖವಾಗಿದ್ದರು. ಅಲ್ಲಿ ಇಂದಿಗೂ ಎಲ್ಲರ ಹೆಸರು ಕೂಗಿ ಮುಗಿಯುವವರೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಯಾರೂ ಮನೆಗೆ ಹೋಗಲು ಏಳುವುದಿಲ್ಲ.