ನಲವತ್ತೇಳನೇ ಗಂಟು

ಗಡಿಯಾರದಂಗಡಿಯ ಬಾಗಿಲಲ್ಲಿ ನಿಂತು ದರ್ಜಿ ಹುಡುಗಿ ಮೂರನೇ ಸಲ ಚಪ್ಪಲಿ ಸರಿಮಾಡಿಕೊಂಡಳು. ಚಪ್ಪಲಿ ಸರಿಯಾಗಿಯೇ ಇತ್ತು. ಒಳಗೆ ಹೋಗಲು ಮುಖವಿರಲಿಲ್ಲ, ಅಷ್ಟೆ.

ನಡೆದದ್ದಿಷ್ಟು. ಕಾರ್ಡಿನಲ್ಲಿ ಹಣ ಕಟ್ಟಿ, ಆನ್‌ಲೈನಿನಲ್ಲಿ ಇದೇ ಅಂಗಡಿಯಿಂದ ಒಂದು ಪುಟ್ಟ ಮೇಜಿನ ಗಡಿಯಾರಕ್ಕೆ ಆರ್ಡರ್ ಮಾಡಿದ್ದಳು. ತಿಂಗಳು ಕಳೆದರೂ ಸುಳಿವಿಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ. ಸಿಟ್ಟು ನೆತ್ತಿಗೇರಿ ಬ್ಯಾಂಕಿಗೆ ದೂರು ಬರೆದಳು: 'ಮಾಲು ಬಂದಿಲ್ಲ. ಇವನು ಶುದ್ಧ ಮೋಸಗಾರ.' ಬ್ಯಾಂಕಿನವರು ಹಣ ಹಿಂದಿರುಗಿಸಿದರು. ಗೆದ್ದೆನೆಂದು ಬೀಗಿದ್ದೇ ಬೀಗಿದ್ದು.

ಹೊಲಿಗೆಗೆ ಬಂದ ಬಟ್ಟೆಗಳ ಕಪಾಟನ್ನು ನಿನ್ನೆ ಖಾಲಿಮಾಡುವಾಗ ನಲವತ್ತೇಳನೇ ನಂಬರಿನ ಗಂಟು ಯಾಕೋ ಭಾರವೆನಿಸಿತು. ಬಿಚ್ಚಿದರೆ ಗಡಿಯಾರ!

"ಅತ್ತೇ, ಇದೇನಿದು?" ಎಂದು ಜೊತೆಗಿದ್ದ ಸೋದರತ್ತೆಯನ್ನು ಕೇಳಿದಳು.

"ಯಾರೋ ಬಟ್ಟೆ ಗಂಟು ಕೊಟ್ಟು ಸಹಿ ಹಾಕಿಸ್ಕೊಂಡು ಹೋದ್ರು ಕಣೇ. ಬಂದಿದ್ದಕ್ಕೆಲ್ಲ ಚೀಟಿ ಹಚ್ಚಿಡಿ ಅಂದೋಳು ನೀನೇ ತಾನೆ?"

ಡಬ್ಬಿಗೆ ಬಟ್ಟೆ ಸುತ್ತಿ, ಕೈಯಲ್ಲೇ ಹೊಲಿದು ಕಳಿಸಿದ್ದ ಆ ಗಡಿಯಾರದಂಗಡಿಯ ಮಹಾರಾಯ. ಅತ್ತೆಯ ಚೀಟಿ ಸರಿಯಾಗಿ ವಿಳಾಸದ ಮೇಲೇ ಕೂತಿತ್ತು.

ಕೊನೆಗೂ ಒಳಗೆ ಕಾಲಿಟ್ಟಳು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಗಡಿಯಾರದವನು ತಲೆಯೆತ್ತಿದ. ಆ ಒಂದು ಕಣ್ಣು ಅಷ್ಟು ದೊಡ್ಡದಾಗಿ ತನ್ನನ್ನೇ ನೋಡಿದಾಗ ಅವಳಿಗೆ ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತು.

"ಬನ್ನಿ. ಕಾರ್ಡ್ ಮಾತ್ರ ನಡೆಯಲ್ಲ ಈಗ. ಯಾರೋ ದೂರು ಕೊಟ್ಟಿದ್ದಾರೆ, ಬ್ಯಾಂಕಿನವರು ನಿಲ್ಲಿಸಿಬಿಟ್ಟಿದ್ದಾರೆ."

ಅವಳು ಗಂಟನ್ನು ಮೇಜಿನ ಮೇಲಿಟ್ಟಳು. ಅವನು ತನ್ನ ಹೊಲಿಗೆಯನ್ನು ಗುರುತಿಸಿದ.

"ಓ! ಶುದ್ಧ ಮೋಸಗಾರ ಅಂದೋರು ನೀವಾ?"

"ಹೂಂ."

"ಹೋಗ್ಲಿ ಬಿಡಿ, ಶುದ್ಧ ಅಂತಾದ್ರೂ ಅಂದ್ರಲ್ಲ."

ನಗು ಬರಲಿಲ್ಲ ಅವಳಿಗೆ, ಕಿವಿಯವರೆಗೆ ಕೆಂಪಾದಳು. ನಡೆದದ್ದನ್ನೆಲ್ಲ ನೆಲ ನೋಡುತ್ತಲೇ ಒಪ್ಪಿಸಿ, "ಸಹಿ ಹಾಕಿದ ಕಾಗದ ನಿಮ್ಮ ಹತ್ರ ಇತ್ತಲ್ಲ? ಬ್ಯಾಂಕಿಗೆ ಯಾಕೆ ತೋರಿಸ್ಲಿಲ್ಲ?" ಎಂದಳು.

"ನೀವು ಆರ್ಡರ್ ಮಾಡುವಾಗ ಬರೆದಿದ್ರಿ, 'ಗಂಟೆ ಚೆನ್ನಾಗಿ ಹೊಡೀಲಿ, ನಮ್ಮತ್ತೆಗೆ ಮುಳ್ಳು ಕಾಣಲ್ಲ' ಅಂತ. ಹಾಗೆ ಬರೆಯೋರು ಸುಳ್ಳು ಹೇಳ್ತಾರೆ ಅನ್ನಿಸ್ಲಿಲ್ಲ. ದಾರೀಲೇ ಯಾರೋ ಸುಳ್ಳು ಸಹಿ ಹಾಕಿ ಹೊಡ್ಕೊಂಡಿರ್ಬೇಕು ಅಂದ್ಕೊಂಡೆ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವಳು ಮೋಸಗಾರ ಎಂದು ಬರೆದ ಹೊತ್ತಿನಲ್ಲೂ ಅವನು ಅವಳನ್ನು ನಂಬಿ ಕೂತಿದ್ದ!

"ದೂರು ಈಗಲೇ ವಾಪಸ್ ತಗೋತೀನಿ. ನಿಮ್ಮ ಮುಂದೇನೇ," ಎಂದು ಫೋನ್ ತೆಗೆದಳು.

"ಒಂದ್ನಿಮಿಷ. ಈ ಗದ್ದಲದಲ್ಲಿ ಏನೂ ಕೇಳಲ್ಲ. ಫೋನ್ ಬಂದ್ರೂ ನಂಗೆ ಗೊತ್ತಾಗಲ್ಲ."

ಗೋಡೆಯುದ್ದಕ್ಕೂ ನಡೆಯುತ್ತ, ಒಂದೊಂದೇ ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದ. ಕೊನೆಯದೂ ನಿಂತಾಗ ಅಂಗಡಿಯಲ್ಲಿ ಅವಳ ಉಸಿರಷ್ಟೇ ಕೇಳುತ್ತಿತ್ತು.

"ಕಾರಣ ಹೇಳಿ ಮೇಡಂ," ಎಂದಿತು ಬ್ಯಾಂಕಿನ ಹೆಣ್ಣುದನಿ.

"ತಪ್ಪು ನಂದೇ..."

"ಸ್ವಲ್ಪ ಜೋರಾಗಿ?"

"ತಪ್ಪು ನಂದೇ! ಪಾರ್ಸೆಲ್ ನಮ್ಮ ಕಪಾಟಲ್ಲೇ ಇತ್ತು!"

"ಮಾರಿದವರ ಮೇಲೆ ಬೇರೇನಾದ್ರೂ ದೂರು?"

ಅವಳು ಗಂಟಿನ ವಕ್ರ ಹೊಲಿಗೆ ನೋಡಿದಳು. ಆಮೇಲೆ, ಬಂದಾಗಿನಿಂದ ಮೊದಲ ಸಲ, ಅವನ ಮುಖ ನೋಡಿದಳು.

"ಇಲ್ಲ. ತುಂಬಾ ಒಳ್ಳೆಯವರು. ಹೊಲಿಗೆ ಒಂದು ಬರಲ್ಲ, ಅಷ್ಟೆ."

ಅವನು ಜೋರಾಗಿ ನಕ್ಕ. "ಕಲಿಸಿಕೊಡಿ ಹಾಗಾದ್ರೆ. ಅದಕ್ಕೂ ಮೊದಲು ಇವನ್ನೆಲ್ಲ ಮತ್ತೆ ನಡೆಸ್ಬೇಕು. ನಿಮಗೋಸ್ಕರ ನಿಲ್ಲಿಸಿದ್ದು."

ಅವನು ಆ ತುದಿಯಿಂದ, ಅವಳು ಈ ತುದಿಯಿಂದ ಒಂದೊಂದೇ ಲೋಲಕ ತೂಗುತ್ತ ಬಂದರು. ನಡುವಿನ ಕೊನೆಯದಕ್ಕೆ ಇಬ್ಬರ ಕೈಗಳೂ ಒಟ್ಟಿಗೆ ಮುಂದೆ ಬಂದವು, ಒಟ್ಟಿಗೇ ತಡೆದು ನಿಂತವು.

ಆ ಗಡಿಯಾರ ಇನ್ನಷ್ಟು ಹೊತ್ತು ನಿಂತೇ ಇತ್ತು.